ಉಪಮೆ, ರೂಪಕ ಮತ್ತು ನಿಮ್ಮ ಮೈಸೂರಜ್ಜಿ

ಮೇಘನಾ, ಅಭಿ, ಇಬ್ಬರೂ ಕೇಳಿ. ನಿಮ್ಮ ಮೈಸೂರಜ್ಜಿಗೆ ಒಂದು ಕಾಯಿಲೆ ಇದೆ. ಅದಕ್ಕೆ ಈ ಅಮೆರಿಕದ ಯಾವ ಡಾಕ್ಟರ ಹತ್ತಿರವೂ ಮಾತ್ರೆ ಇಲ್ಲ, ಇನ್ಶೂರೆನ್ಸಿನವರೂ ಒಪ್ಪುವುದಿಲ್ಲ. ಯಾರು ಏನೇ ಮಾತಾಡಲಿ, ಆ ಮಾತಿನಲ್ಲಿ ಯಾವ ಅಲಂಕಾರ ಇದೆ ಅಂತ ಹೇಳದೆ ಅವರಿಗೆ ತಿಂದ ಅನ್ನ ಅರಗುವುದಿಲ್ಲ!

ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಅವರು ನನ್ನ ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದಾರೆ. "ಏನು ಬರೀತಿದೀರಿ ಬೀಗರೇ?" ಅಂತ ಈಗಷ್ಟೇ ಕೇಳಿದರು. "ನಿಮ್ಮ ವಿಷಯವೇ" ಅಂದೆ. "ಬರೀರಿ, ಬರೀರಿ. ಕಾಗುಣಿತ ಮಾತ್ರ ನೋಡ್ಕೊಳ್ಳಿ" ಅಂದರು.

ಅವರು ನಿಮ್ಮಪ್ಪನ ಅಮ್ಮ, ನನಗೆ ಬೀಗಿತ್ತಿ. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕನ್ನಡ ಪಾಠ ಮಾಡಿದವರು. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಅದೂ ಮೇಷ್ಟ್ರು ಪ್ರಶ್ನೆ ಕೇಳಿದಾಗಲೆಲ್ಲ ಮುಂದಿನ ಹುಡುಗಿಯ ಬೆನ್ನ ಹಿಂದೆ ಬಗ್ಗಿಕೊಂಡು ಕಳೆದ ಏಳು ವರ್ಷ. ಬೀಗರು ಅಂದರೆ ನಮ್ಮ ಕಡೆ ಎಷ್ಟು ಮರ್ಯಾದೆ ಗೊತ್ತಾ? ಅವರೆದುರು ಜೋರಾಗಿ ಸೀನುವುದಕ್ಕೂ ಸಂಕೋಚ. ಅಂಥ ನಮ್ಮಿಬ್ಬರನ್ನು ನಿಮ್ಮಪ್ಪ ಅಮ್ಮ ಸೇರಿ, ಆರು ತಿಂಗಳು, ಒಂದೇ ರೂಮಿನಲ್ಲಿ ಎರಡು ಮಂಚ ಹಾಕಿ ಇಟ್ಟುಬಿಟ್ಟರು! ಮೊದಲ ವಾರ ನಾನು ಸೀನಲೇ ಇಲ್ಲ.

ಕಾಯಿಲೆ ನನಗೆ ಗೊತ್ತಾದದ್ದು ಅವರು ಬಂದ ದಿನ ಏರ್‌ಪೋರ್ಟಿನಲ್ಲೇ. ಎರಡು ವಿಮಾನ ಬದಲಾಯಿಸಿ, ಇಪ್ಪತ್ತೆರಡು ಗಂಟೆ ಕೂತು, ಕಾಲು ಊದಿಸಿಕೊಂಡು ಹೊರಗೆ ಬಂದರು. ನಿಮ್ಮಪ್ಪ ಓಡಿಹೋಗಿ ತಬ್ಬಿಕೊಂಡು, "ಅಮ್ಮಾ, ಹೂವಿನ ಹಾಗೆ ಫ್ರೆಶ್ ಆಗಿದೀಯಲ್ಲಮ್ಮಾ!" ಅಂದ.

ಅವರು ಗಾಡಿ ತಳ್ಳುವುದನ್ನು ನಿಲ್ಲಿಸಿದರು. ಹಿಂದಿನ ಜನವೂ ನಿಂತರು.

"ಉಪಮಾಲಂಕಾರ" ಅಂದರು. "ಉಪಮೇಯ ನಾನು. ಉಪಮಾನ ಹೂವು. ವಾಚಕ ಪದ 'ಹಾಗೆ'. ಸಮಾನ ಧರ್ಮ ಫ್ರೆಶ್ ಆಗಿರೋದು. ನಾಲ್ಕೂ ಇದೆ, ಪೂರ್ಣೋಪಮೆ. ಭೇಷ್ ಕಣೋ. ಆದರೆ ಸುಳ್ಳು."

ಆಮೇಲೆ ತಬ್ಬಿಕೊಂಡರು.

ಮಾರನೆಯ ದಿನ ನಾನು ಸಾರು ಮಾಡಿದ್ದೆ. ಬೀಗರಿಗೆ ಬಡಿಸುವ ಮೊದಲ ಸಾರು. ಅವರು ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. "ಹೇಗಿದೆ?" ಅಂತ ನಾನು ಸೆರಗು ಹಿಡಿದುಕೊಂಡು ಕೇಳಿದೆ.

"ನೋಡಿ ಬೀಗರೇ, ಸಾರು ಅಮೃತದ ಹಾಗಿದೆ ಅಂದರೆ ಉಪಮೆ. ಒಂದನ್ನು ಇನ್ನೊಂದಕ್ಕೆ ಹೋಲಿಸಿದ್ದು. ಈ ಸಾರೇ ಅಮೃತ ಅಂದರೆ ರೂಪಕ. ಹೋಲಿಸೋದು ಬಿಟ್ಟು ಎರಡನ್ನೂ ಒಂದೇ ಮಾಡಿದ್ದು. ಅಮೃತವೇ ಸಾರಾಗಿ ಹರಿದು ಬಂದಿದೆಯೋ ಅನ್ನೋ ಹಾಗೆ ಕಲ್ಪಿಸಿದರೆ ಉತ್ಪ್ರೇಕ್ಷೆ. ಇದನ್ನು ಒಂದು ತೊಟ್ಟು ಕುಡಿದರೆ ಸತ್ತವರೂ ಎದ್ದು ಕೂರ್ತಾರೆ ಅಂದರೆ ಅತಿಶಯೋಕ್ತಿ."

ಸಾರು ಆರುತ್ತಿತ್ತು. "ಇದರಲ್ಲಿ ನಮ್ಮ ಸಾರು ಯಾವುದು?" ಅಂದೆ.

"ಯಾವುದೂ ಅಲ್ಲ. ಉಪ್ಪು ಕಡಿಮೆ."

ಹೀಗೆ ನಾಲ್ಕು ಅಲಂಕಾರ ನನಗೆ ಒಂದೇ ಊಟದಲ್ಲಿ ಬಂದವು. ಏಳು ವರ್ಷ ಶಾಲೆಯಲ್ಲಿ ಬಾರದ್ದು! ಉಪ್ಪು ಕಡಿಮೆ ಇದ್ದದ್ದರಿಂದ ಇವತ್ತಿಗೂ ಮರೆತಿಲ್ಲ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ತಿಂಗಳು ಇನ್ನೊಂದು ವಿಷಯ ನಡೆಯಿತು. ಅಭಿ, ನಿನಗೆ ನೆನಪಿರಲಿಕ್ಕಿಲ್ಲ. ಒಂದು ದಿನ ನೀನು ಹಾಲ್‌ನಲ್ಲಿ ಬಾಲ್ ಆಡುತ್ತ ಗೋಡೆಯ ಮೇಲಿನ ನಿಮ್ಮ ತಾತನ, ಅಂದರೆ ನಮ್ಮ ಯಜಮಾನರ, ಫೋಟೊಗೆ ಹೊಡೆದೆ. ಫೋಟೊ ವಾಲಿತು. ನೀನು ಅಮ್ಮನನ್ನು ಕೂಗಿ, "ಅಮ್ಮಾ, ದಟ್ ಮ್ಯಾನ್ ಈಸ್ ಫಾಲಿಂಗ್!" ಅಂದೆ.

ತಪ್ಪು ನಿನ್ನದಲ್ಲ ಮಗ. ಅವರು ಹೋದಾಗ ಮೇಘನಾಗೆ ಎರಡು ವರ್ಷ, ನೀನು ಹುಟ್ಟೇ ಇರಲಿಲ್ಲ. ಆದರೆ ನಿಮ್ಮಮ್ಮ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟು ನಿಂತುಬಿಟ್ಟಳು. ಅವತ್ತು ಸಂಜೆ ನನ್ನ ಹತ್ತಿರ ಬಂದು ಕೂತಳು. "ಅಮ್ಮಾ, ಮುಂದಿನ ತಿಂಗಳು ಅಪ್ಪನ ದಿನ. ಎಡೆ ಇಟ್ಟು ನಾಲ್ಕು ಜನಕ್ಕೆ ಊಟ ಹಾಕ್ತೀವಲ್ಲ, ಈ ಸಲ ನೀನು ಎಲ್ಲರ ಮುಂದೆ ಅಪ್ಪನ ಬಗ್ಗೆ ಮಾತಾಡಬೇಕು. ಮಕ್ಕಳು ಕೇಳಬೇಕು. ನಾನು ಹೇಳಿದರೆ ಕಥೆ ಆಗತ್ತೆ, ನೀನು ಜೊತೆಗಿದ್ದವಳು. ಇಲ್ಲದಿದ್ದರೆ ಇವಕ್ಕೆ ಅಪ್ಪ ಅಂದರೆ ಬರೀ ಒಂದು ಮೊಳೆ, ಒಂದು ಫೋಟೊ."

"ನಾನಾ? ಎಲ್ಲರ ಮುಂದಾ? ನನ್ನ ಕೈಲಾಗಲ್ಲ ಕಣೇ" ಅಂದೆ.

"ಆಗತ್ತೆ" ಅಂತ ಬಾಗಿಲಿನಿಂದ ಇನ್ನೊಂದು ದನಿ ಬಂತು. ಮೈಸೂರಜ್ಜಿ! ಕೈಯಲ್ಲಿ ಕೆಂಪು ಪೆನ್ನು. "ಒಂದು ತಿಂಗಳು ಇದೆಯಲ್ಲ ಬೀಗರೇ. ಹತ್ತನೇ ಕ್ಲಾಸಿನಲ್ಲಿ ಮೂರು ಸಲ ಡುಮ್ಕಿ ಹೊಡೆದವರನ್ನೇ ದಡ ಸೇರಿಸಿದೀನಿ. ನೀವು ಯಾವ ಲೆಕ್ಕ?"

ಬೀಗರಿಗೆ ಇಲ್ಲ ಅನ್ನುವುದು ಹೇಗೆ? ನನ್ನ ಪಾಠ ಶುರುವಾಯಿತು.

ಮೊದಲ ಪಾಠ ಮನೆ ಹತ್ತಿರದ ನಾರ್ತ್ ಕ್ರೀಕ್ ಹಳ್ಳದ ಪಕ್ಕದ ಹಾದಿಯಲ್ಲಿ. ಸೀರೆ, ಅದರ ಮೇಲೆ ಸ್ವೆಟರು, ಕಾಲಿಗೆ ಶೂಸು, ಹೀಗೆ ಇಬ್ಬರು ಅಜ್ಜಿಯರು ದಿನಾ ಬೆಳಿಗ್ಗೆ ನಡೆಯುವುದು. ಒಂದು ದಿನ ದೊಡ್ಡ ಬಾತುಕೋಳಿಗಳ ಗುಂಪು ಸಾಲಾಗಿ ರಸ್ತೆ ದಾಟುತ್ತಿತ್ತು. ಆಫೀಸಿಗೆ ಹೋಗುವ ಕಾರುಗಳೆಲ್ಲ ನಿಂತಿದ್ದವು. ಅವರು ನನ್ನ ತೋಳು ಹಿಡಿದು ನಿಲ್ಲಿಸಿ, "ಬೀಗರೇ, ಬೇಗ! ಏನನ್ನಿಸ್ತಿದೆ ಹೇಳಿ! ಮದುವೆ ದಿಬ್ಬಣದ ಹಾಗೆ ಅನ್ನಿಸ್ತಿಲ್ವೇ?" ಅಂದರು.

"ಪಾಪ, ಇವರಿಗೆಲ್ಲ ಆಫೀಸಿಗೆ ಲೇಟಾಗತ್ತೆ ಅನ್ನಿಸ್ತಿದೆ" ಅಂದೆ.

ಅವರು ನನ್ನ ತೋಳು ಬಿಟ್ಟು ಮುಂದೆ ನಡೆದುಬಿಟ್ಟರು.

ಎರಡನೇ ಪಾಠಕ್ಕೆ ಡಾಕ್ಟರೇ ಸಿಕ್ಕರು. ಮೈಸೂರಜ್ಜಿಯ ಮಂಡಿನೋವಿಗೆ ತೋರಿಸಲು ನಿಮ್ಮಪ್ಪ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರಮ್ಮ ನಗುತ್ತ ಏನೋ ಕೇಳಿದರು. ನಿಮ್ಮಪ್ಪ, "ಅಮ್ಮಾ, ನೋವು ಎಷ್ಟಿದೆ ಅಂತ ಕೇಳ್ತಿದಾರೆ. ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಬೇಕಂತೆ" ಅಂದ.

"ಅತಿಶಯೋಕ್ತಿ ಸೇರಿಸಿ ಹೇಳಬೇಕೋ, ಕಳೆದು ಹೇಳಬೇಕೋ?"

"ಅಮ್ಮಾ, ಪ್ಲೀಸ್."

"ಕೇಳೋ ಅವರನ್ನ. ಸೇರಿಸಿದರೆ ಹನ್ನೆರಡು. ಕಳೆದರೆ ಮೂರು."

ನಿಮ್ಮಪ್ಪ ಕೇಳಿದನೋ ಬಿಟ್ಟನೋ ಗೊತ್ತಿಲ್ಲ. ಡಾಕ್ಟರಮ್ಮ ಏಳು ಅಂತ ಬರೆದುಕೊಂಡರು. ಆಚೆ ಬಂದ ಮೇಲೆ ಅವರು ನನಗೆ ಹೇಳಿದರು: "ನೋಡಿದಿರಾ ಬೀಗರೇ, ಇರೋದನ್ನು ಇದ್ದ ಹಾಗೆ ಹೇಳಿದ್ದರೆ ಮೂರಕ್ಕೆ ಒಂದು ಮಾತ್ರೆ ಕೊಟ್ಟು ಕಳಿಸ್ತಿದ್ದರು. ಅಲಂಕಾರ ಸೇರಿಸಿದ್ದಕ್ಕೆ ಎಕ್ಸ್‌ರೇ ಸಿಕ್ಕಿತು. ಭಾಷಣವೂ ಹಾಗೇ."

ಮೂರನೇ ಪಾಠ ಮುಕಿಲ್ಟಿಯೊದ ಸಮುದ್ರದ ದಡದಲ್ಲಿ. ಆ ಭಾನುವಾರ ನೀವಿಬ್ಬರೂ ಇದ್ದಿರಿ. ಮಂಜು ಮುಸುಕಿತ್ತು. ಆಚೆಯ ದ್ವೀಪದಿಂದ ದೊಡ್ಡ ಫೆರಿ ಹಡಗು ಬಂದು ದಡಕ್ಕೆ ತಾಗಿತು. ಅದರ ಹೊಟ್ಟೆಯಿಂದ ಕಾರುಗಳು ಒಂದರ ಹಿಂದೆ ಒಂದು ಹೊರಗೆ ಬರುತ್ತಿದ್ದವು. ಮೈಸೂರಜ್ಜಿ ಚಪ್ಪಾಳೆ ತಟ್ಟಿ, "ಎಲ್ಲರೂ ಒಂದೊಂದು ಹೋಲಿಕೆ ಹೇಳಿ, ಹತ್ತಕ್ಕೆ ಅಂಕ!" ಅಂದರು.

ನಿಮ್ಮಪ್ಪ ಹಡಗನ್ನು ತೇಲುವ ಮನೆಗೆ ಹೋಲಿಸಿದ. "ಹಳಸಲು. ನಾಲ್ಕು." ನಿಮ್ಮಮ್ಮ ತಿಮಿಂಗಿಲ ಅಂದಳು. "ಎಲ್ಲರೂ ಹೇಳೋದೇ. ಐದು." ಮೇಘನಾ, ನೀನು ಫೋನು ನೋಡುತ್ತಿದ್ದೆ, ನಿನಗೆ ಸೊನ್ನೆ ಬಂತು. ಅಭಿ ಮಾತ್ರ ಸ್ವಲ್ಪ ಹೊತ್ತು ನೋಡಿ, "ಇಟ್ಸ್ ಲೈಕ್ ಅ ಟೋಸ್ಟರ್" ಅಂದ. "ಹೇಗೋ?" "ಕಾರ್ಸ್ ಪಾಪ್ ಔಟ್!"

ಅವರು ಅವನನ್ನು ಎತ್ತಿಕೊಳ್ಳಲು ಹೋಗಿ ಮಂಡಿ ಹಿಡಿದುಕೊಂಡರು. "ಹತ್ತಕ್ಕೆ ಹತ್ತು! ಹಡಗಿಗೆ ಟೋಸ್ಟರ್ ಉಪಮಾನ! ಯಾವ ಕವಿಗೂ ಹೊಳೆದಿರಲಿಲ್ಲವಲ್ಲೋ!" ಆಮೇಲೆ ನನ್ನ ಕಡೆ ತಿರುಗಿದರು. "ಬೀಗರೇ, ನಿಮ್ಮದು?"

ನಾನು ತುಂಬ ಯೋಚಿಸಿದೆ. ಹಡಗನ್ನು ನೋಡಿದೆ, ನೀರನ್ನು ನೋಡಿದೆ. "ಹಡಗು ದೊಡ್ಡದಾಗಿದೆ" ಅಂದೆ.

"ಅದು ಸರಿ. ಹೋಲಿಕೆ?"

"ಬಿಳಿ ಬಣ್ಣ."

"ಬೀಗರೇ! ನಿಮ್ಮ ಮಾತಿನ ಕೊರಳು ಬೋಳು. ಒಂದೆಳೆ ಸರ ಬೇಡವೇ?" ಅಂದವರು, ಮರುಕ್ಷಣವೇ ತಾವೇ ಬೆರಳೆತ್ತಿ, "ಈಗ ನಾನು ಹೇಳಿದ್ದು ರೂಪಕ, ಗಮನಿಸಿದಿರಾ?" ಅಂತ ಸಂತೋಷಪಟ್ಟರು.

ಕೊನೆಗೆ ನನ್ನಿಂದ ಆಗುವುದಿಲ್ಲ ಅಂತ ಅವರಿಗೂ ಖಾತ್ರಿಯಾಯಿತು. "ನಾನೇ ಬರೆದುಕೊಡ್ತೀನಿ, ನೀವು ಓದಿದರೆ ಸಾಕು" ಅಂದರು. ಕಾಗದ ತೆಗೆದು ಮೊದಲ ಪ್ರಶ್ನೆ ಕೇಳಿದರು: "ನಿಮ್ಮ ಯಜಮಾನರ ಪೂರ್ತಿ ಹೆಸರು?"

ನಾನು ಪೆನ್ನು ಕೊಡಿ ಅಂತ ಕೈ ಚಾಚಿದೆ.

"ಬೀಗರೇ, ಉಪಮೇಯವೇ ಇಲ್ಲದೆ ಉಪಮೆ ಹೇಗೆ ಕಟ್ಟಲಿ?"

ನಲವತ್ತು ವರ್ಷ ಸಂಸಾರ ಮಾಡಿದರೂ ನಾನು ಅವರ ಹೆಸರನ್ನು ಬಾಯಿಂದ ಹೇಳಿದವಳಲ್ಲ. ನಮ್ಮ ಕಾಲದಲ್ಲಿ ಹೇಳುತ್ತಿರಲಿಲ್ಲ. ಪೆನ್ನು ತೆಗೆದುಕೊಂಡು ಬರೆದು ತೋರಿಸಿದೆ. ಇಲ್ಲಿ ಬರೆಯುವುದಿಲ್ಲ, ನಾಚಿಕೆ. ನಿಮ್ಮಮ್ಮನನ್ನು ಕೇಳಿ.

ಎರಡು ದಿನದಲ್ಲಿ ಭಾಷಣ ಸಿದ್ಧವಾಯಿತು. ಮೂರು ಹಾಳೆ. ಆಕಾಶದಂಥ ಮನಸ್ಸು, ಪರ್ವತದಂಥ ವ್ಯಕ್ತಿತ್ವ, ನಡೆದಾಡುವ ಆಲದ ಮರ, ಮಮತೆಯ ಮಹಾಸಾಗರ. ಪಕ್ಕದ ಮಾರ್ಜಿನಿನಲ್ಲಿ ಕೆಂಪು ಶಾಯಿಯಲ್ಲಿ ಉಪಮೆ ಎಲ್ಲಿ, ರೂಪಕ ಎಲ್ಲಿ ಅಂತ ಗುರುತು ಬೇರೆ. ಒಂಬತ್ತು ಉಪಮೆ, ಆರು ರೂಪಕ, ಮೂರು ಅತಿಶಯೋಕ್ತಿ. ನಾನು ಪೂರ್ತಿ ಓದಿದೆ. ಬಹಳ ಚೆನ್ನಾಗಿತ್ತು. ಓದಿ ಮುಗಿಸಿ ಕೇಳಿದೆ:

"ಇದು ಯಾರ ಬಗ್ಗೆ ಬೀಗರೇ?"

ಅವರಿಗೆ ನಗು ಬರಲಿಲ್ಲ. ನಾನೂ ತಮಾಷೆಗೆ ಕೇಳಿದ್ದಲ್ಲ. ಆದರೂ ಎದುರಾಡುವ ಧೈರ್ಯ ಸಾಲದೆ ಹದಿನೈದು ದಿನ ಬಾಯಿಪಾಠ ಮಾಡಿದೆ. ಪಾತ್ರೆ ತೊಳೆಯುವಾಗ ಆಕಾಶ, ಬಟ್ಟೆ ಮಡಿಸುವಾಗ ಪರ್ವತ. ನಿದ್ದೆಯಲ್ಲಿ "ಮಹಾಸಾಗರ" ಅಂದೆನಂತೆ. ಪಕ್ಕದ ಮಂಚದಿಂದ "ರೂಪಕ" ಅಂತ ಉತ್ತರ ಬಂದಿರಬಹುದು, ನನಗೆ ಗೊತ್ತಿಲ್ಲ!

ಆ ದಿನ ಬಂತು. ವಡೆ, ಪಾಯಸ ಮಾಡಿ ಎಡೆ ಇಟ್ಟೆವು. ಇಸ್ಸಾಕ್ವಾ ಊರಿನಿಂದ ನಿಮ್ಮಮ್ಮನ ಸ್ನೇಹಿತೆಯರ ಎರಡು ಸಂಸಾರ, ಪಕ್ಕದ ಮನೆಯ ನಸೀಮಾ ಮತ್ತು ಅವಳ ಗಂಡ, ಒಟ್ಟು ಹದಿನೈದು ಹದಿನಾರು ಜನ. ನನ್ನ ಪಾಲಿಗೆ ಅದು ಜಾತ್ರೆ. ನಿಮ್ಮಮ್ಮ ನನ್ನನ್ನು ಫೋಟೊ ಪಕ್ಕ ನಿಲ್ಲಿಸಿದಳು. ಮೈಸೂರಜ್ಜಿ ಎದುರಿಗೇ ಕುರ್ಚಿ ಹಾಕಿಕೊಂಡು, ನಾನು ಮರೆತರೆ ಹೇಳಿಕೊಡಲು ಇನ್ನೊಂದು ಪ್ರತಿ ಹಿಡಿದು ಕೂತಿದ್ದರು. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿಗೋ ಹಾರಿಹೋಗಿತ್ತು. ಕಾಗದ ನೋಡಿಕೊಂಡು ಓದಿದೆ.

"ನಮ್ಮ ಯಜಮಾನರದು ಪರ್ವತದಂಥ ವ್ಯಕ್ತಿತ್ವ."

ಅಭಿ ಕೈಯೆತ್ತಿದ. ಶಾಲೆಯಲ್ಲಿ ಎತ್ತುವ ಹಾಗೇ. "ಅಜ್ಜೀ, ವಾಸ್ ಹಿ ದಟ್ ಬಿಗ್?"

ನಾನು ಫೋಟೊ ನೋಡಿದೆ. ಕಾಗದ ನೋಡಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಮಗ. ನನ್ನಷ್ಟೇ ಇದ್ದರು. ಒಂದು ಬೆರಳು ಕಮ್ಮಿಯೇ" ಅಂದೆ.

ಎಲ್ಲರೂ ನಕ್ಕರು. ಮೇಘನಾ, ನೀನು ಫೋನಿನಿಂದ ತಲೆ ಎತ್ತಿದೆ. "ಬಟ್ ಅಮ್ಮ ಸೆಡ್, ತಾತ ಕರೆಂಟ್ ಕಂಬ ಹತ್ತುತಿದ್ರು ಅಂತ?" ಅಂದೆ. ಅರ್ಧ ಕನ್ನಡ! ನನಗೆ ಅಷ್ಟೇ ಸಾಕಾಯಿತು.

"ಹತ್ತುತ್ತಿದ್ದರು ಕಣಮ್ಮ. ಲೈನ್‌ಮನ್ ಕೆಲಸ. ಸುತ್ತಿನ ಹನ್ನೊಂದು ಹಳ್ಳಿ ಅವರದು. ಕಂಬದ ತುದಿಯಲ್ಲಿ ಅವರಿಗೆ ಏನೂ ಭಯ ಇರಲಿಲ್ಲ. ಕೆಳಗೆ ಇಳಿದು ಮನೆಗೆ ಬಂದರೆ ಹಲ್ಲಿಗೆ ಹೆದರುತ್ತಿದ್ದರು. ನಾನು ಪೊರಕೆ ತಂದು ಓಡಿಸಬೇಕಿತ್ತು."

ಹಲ್ಲಿ ಅಂದರೆ ಏನು ಅಂತ ನಿಮ್ಮಮ್ಮ ಹೇಳಿದ ಮೇಲೆ ಅಭಿ ಕಾರ್ಪೆಟ್ಟಿನ ಮೇಲೆ ಬಿದ್ದು ಹೊರಳಾಡಿ ನಕ್ಕ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ತಾತನಿಗೆ ಈಜಲು ಬರುತ್ತಿತ್ತಾ? ಬರುತ್ತಿತ್ತು, ನಾಯಿ ಈಜು. ಏನು ಇಷ್ಟ? ಮೊಸರನ್ನ, ಉಪ್ಪಿನಕಾಯಿಯ ರಸ ಮಾತ್ರ, ಹೋಳು ನನಗೆ. ಬೈಯುತ್ತಿದ್ದರಾ? ರೇಡಿಯೋಗೆ ಬೈಯುತ್ತಿದ್ದರು. ಕಾಗದ ನನ್ನ ಕೈಯಲ್ಲಿ ಯಾವಾಗ ಮಡಿಚಿಕೊಂಡಿತೋ ಗೊತ್ತಿಲ್ಲ.

ಕಡೆಗೆ ಮೇಘನಾ ಕೇಳಿದೆ, "ಅಜ್ಜೀ, ವರ್ ಯೂ ಸ್ಕೇರ್ಡ್? ಅವರು ಮೇಲೆ ಹೋದಾಗ?"

ಇದನ್ನು ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ನಾನು ಇದ್ದದ್ದನ್ನು ಹೇಳಿದೆ.

"ಮುಂಗಾರಿನಲ್ಲಿ ಸಂಜೆ ಗಾಳಿ ಎದ್ದರೆ ಎಲ್ಲಾದರೂ ತಂತಿ ಕಡಿಯುತ್ತಿತ್ತು. ಊರೆಲ್ಲ ಕತ್ತಲು. ಇವರು ಸೈಕಲ್ ತೆಗೆದುಕೊಂಡು ಹೋಗುತ್ತಿದ್ದರು. ಯಾವ ಕಂಬ, ಎಷ್ಟು ದೂರ, ನನಗೆ ಗೊತ್ತಾಗುತ್ತಿರಲಿಲ್ಲ. ಆಗ ಫೋನು ಇರಲಿಲ್ಲ. ನಾನು ನಿಮ್ಮಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಲ್ಬು ನೋಡುತ್ತ ಕೂರುತ್ತಿದ್ದೆ. ಕೆಲಸ ಮುಗಿಸಿ ಕಂಬದಿಂದ ಇಳಿದ ಮೇಲೇ ಲೈನಿಗೆ ಕರೆಂಟು ಬಿಡುವುದು. ಬಲ್ಬು ಹತ್ತಿದರೆ, ಇವರು ನೆಲದ ಮೇಲೆ ಇದ್ದಾರೆ ಅಂತ. ಆಮೇಲೆ ಎದ್ದು ಅನ್ನಕ್ಕೆ ಇಡುತ್ತಿದ್ದೆ."

ಯಾರೂ ನಗಲಿಲ್ಲ. ನಾನು ಏನೋ ತಪ್ಪು ಹೇಳಿದೆ ಅಂದುಕೊಂಡು ಕೂತುಬಿಟ್ಟೆ. ನಸೀಮಾ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಅಭಿ ಫೋಟೊ ಹತ್ತಿರ ಹೋಗಿ, ತಾತನ ಎತ್ತರಕ್ಕೂ ತನಗೂ ಎಷ್ಟು ವ್ಯತ್ಯಾಸ ಅಂತ ಕೈಯಲ್ಲಿ ಅಳೆದು ನೋಡುತ್ತಿದ್ದ. ನಾನು ಮೂರು ಹಾಳೆಯಲ್ಲಿ ಓದಿದ್ದು ಒಂದೇ ಸಾಲು!

ಮೈಸೂರಜ್ಜಿ ತಮ್ಮ ಕೈಯಲ್ಲಿದ್ದ ಪ್ರತಿಯನ್ನು ಮಡಿಚಿಟ್ಟರು. ಯಾವ ಅಲಂಕಾರ ಅಂತಲೂ ಹೇಳಲಿಲ್ಲ. ಅದೇ ನನಗೆ ಭಯ. ಊಟವಾಗಿ ಜನರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆದು ಕೊಡುತ್ತಿದ್ದೆ, ಅವರು ಒರೆಸಿ ಇಡುತ್ತಿದ್ದರು. "ತಪ್ಪಾಯ್ತು ಬೀಗರೇ" ಅಂದೆ. "ಅಷ್ಟು ಕಷ್ಟಪಟ್ಟು ಬರೆದುಕೊಟ್ಟಿರಿ. ಓದಲಿಲ್ಲ."

ಅವರು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು.

"ನಮ್ಮನೆಯವರ ವರ್ಷದ ದಿನ ನಾನೂ ಮಾತಾಡಿದ್ದೆ ಬೀಗರೇ. ನಲವತ್ತು ನಿಮಿಷ. ಚೀಟಿ ಕೂಡ ಇಟ್ಟುಕೊಂಡಿರಲಿಲ್ಲ. 'ನನ್ನ ಬಾಳ ದೋಣಿಯ ಅಂಬಿಗ' ಅಂದೆ. ಪಾಪ, ಅವರಿಗೆ ನೀರು ಕಂಡರೇ ಭಯ! ಜನ ಚಪ್ಪಾಳೆ ತಟ್ಟಿದರು. ನನ್ನ ಹಳೇ ಶಿಷ್ಯರು ಕಣ್ಣೊರೆಸಿಕೊಂಡರು. ಆದರೆ ಅವತ್ತು ಮನೆಗೆ ಹೋದವರಲ್ಲಿ ಒಬ್ಬರಿಗಾದರೂ ಅವರು ಎಂಥವರು ಅಂತ ಗೊತ್ತಾಗಿತ್ತಾ? ಇಲ್ಲ. ನನ್ನ ಭಾಷೆ ಚೆನ್ನಾಗಿದೆ ಅಂತ ಗೊತ್ತಾಗಿತ್ತು."

ನಾನು ನಲ್ಲಿ ನಿಲ್ಲಿಸಿದೆ. "ಎಂಥವರಿದ್ದರು?" ಅಂದೆ. ಬೀಗರನ್ನು ಇಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಅವರು ದೀಪದ..." ಅಂತ ಶುರು ಮಾಡಿ ನಾಲಿಗೆ ಕಚ್ಚಿಕೊಂಡರು. "ಅವರು..." ಅಂದರು. ಮತ್ತೆ ನಿಲ್ಲಿಸಿದರು. ಮೂವತ್ತು ವರ್ಷ ಪಾಠ ಮಾಡಿದ ಬಾಯಿ. "ಬರ್ತಿಲ್ಲ ಬೀಗರೇ."

ನಾನು ಅಭಿ ಕೇಳಿದ ಹಾಗೇ ಕೇಳಿದೆ. "ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಿದ್ದರು?"

"ನನ್ನ ಸೀರೆಗೆ ಇಸ್ತ್ರಿ" ಅಂದರು ತಕ್ಷಣ. "ನಾನು ಮಾಡಿದರೆ ಸುಟ್ಟುಬಿಡ್ತಿದ್ದೆ. ಸ್ಕೂಲಿಗೆ ನಾನು ಗಂಜಿ ಹಾಕಿದ ಕಾಟನ್ ಸೀರೆಯೇ ಉಡ್ತಿದ್ದದ್ದು. ದಿನಾ ಬೆಳಿಗ್ಗೆ ಅವರೇ ಇಸ್ತ್ರಿ ಮಾಡಿ ಕುರ್ಚಿ ಮೇಲೆ ಹಾಕಿಡ್ತಿದ್ದರು. ರಿಟೈರ್ ಆಗೋವರೆಗೂ." ಕೈಯಲ್ಲಿದ್ದ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಚಿದರು. "ಅವರು ಹೋದ ಮೇಲೆ ನಾನು ಕಾಟನ್ ಸೀರೆ ಉಟ್ಟಿಲ್ಲ."

ಆಮೇಲೆ ಅವರು, "ಇದನ್ನೂ ಎಲ್ಲಾದರೂ ಬರೆದಿಡ್ತೀರಾ ಬೀಗರೇ? ಮಕ್ಕಳಿಗೆ ಬೇಕಾಗಬಹುದು. ನಾನು ಬರೆಯೋಕೆ ಕೂತರೆ ಮತ್ತೆ ಆ ಅಂಬಿಗ ಬಂದುಬಿಡ್ತಾನೆ" ಅಂದರು.

ಅದಕ್ಕೇ ಬರೆಯುತ್ತಿದ್ದೇನೆ. ಮುಂದಿನ ವಾರ ಅವರು ಮೈಸೂರಿಗೆ ಹೊರಡುತ್ತಾರೆ. ಅಷ್ಟರಲ್ಲಿ ದಿನಕ್ಕೆ ಇಷ್ಟಿಷ್ಟು ಹೇಳುತ್ತಿದ್ದಾರೆ, ನಾನು ನನ್ನ ವಕ್ರ ಅಕ್ಷರದಲ್ಲಿ ಸೇರಿಸುತ್ತಿದ್ದೇನೆ. ನಿಮ್ಮ ಮೈಸೂರು ತಾತ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಒಂದು ಅಂತ ಹೇಳುತ್ತಿದ್ದರು. ಅಜ್ಜಿ ಮನೆಯಲ್ಲಿ ಗಟ್ಟಿಯಾಗಿ ಪಾಠ ತಯಾರು ಮಾಡುವಾಗ ಗಡ್ಡ ಹೆರೆಯುತ್ತ ಹೂಂಗುಟ್ಟುತ್ತಿದ್ದರು. ಆದರೂ ಉಪಮೆ ಯಾವುದು, ರೂಪಕ ಯಾವುದು ಅಂತ ಕೊನೆಯವರೆಗೂ ತಿಳಿಯಲಿಲ್ಲ. ನಿಮ್ಮಪ್ಪ ಹುಟ್ಟಿದ ಮಾರನೆಯ ದಿನ ಆಸ್ಪತ್ರೆಗೆ ಒಂದು ಸೀರೆ ತಂದರಂತೆ. ಅಜ್ಜಿ ಮುಟ್ಟಿ ನೋಡಿದಾಗ ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲವಂತೆ.

ನಿಮಗೆ ಈಗ ಕನ್ನಡ ಓದಲು ಬರುವುದಿಲ್ಲ. ಪರವಾಗಿಲ್ಲ, ಅವಸರವಿಲ್ಲ. ನಿಮ್ಮಿಬ್ಬರ ಪಾಸ್‌ಪೋರ್ಟು ಇಡುವ ಡ್ರಾಯರಿನಲ್ಲಿ ಈ ಹಾಳೆಗಳಿಗೂ ಸ್ವಲ್ಪ ಜಾಗ ಮಾಡಿ. ಮನೆ ಬದಲಾಯಿಸುವಾಗ ಲಾರಿಗೆ ಹಾಕುವ ಡಬ್ಬದಲ್ಲಿ ತುಂಬಬೇಡಿ. ಇದರಲ್ಲಿ ಇಬ್ಬರು ತಾತಂದಿರಿದ್ದಾರೆ, ಕೈಯಲ್ಲೇ ಹಿಡಿದುಕೊಂಡು ಹೋಗಿ.